'ಹಟ್ಟಿ ಹಂಬಲ' ಅಂದರೆ ಯಾವ ಹಂಬಲ?

ಗೆಳೆಯರೇ,

'ಸೋಜುಗಾದ ಸೂಜುಮಲ್ಲಿಗೆ' ಹಾಡಿನ ಒಂದೆರಡು ಪದ ಕೇಳಬೇಕಿತ್ತು. ಇದು ಚಾಮರಾಜನಗರ ಜಿಲ್ಲೆಯ ಬೆಟ್ಟದ ದೇವರು ಮಲೆ ಮಾದೇಶ್ವರನ ಜನಪದ ಹಾಡು. 2021ರಲ್ಲಿ 'ಗರುಡ ಗಮನ ವೃಷಭ ವಾಹನ' ಸಿನಿಮಾದಲ್ಲಿ ಬಂದ ಮೇಲಂತೂ ಎಲ್ಲರ ಬಾಯಲ್ಲೂ ಇದೇ. ನಮ್ಮ ತುಮಕೂರಿನಲ್ಲಿ ಮದುವೆ ವಿಡಿಯೋಗೂ ಹಾಕುತ್ತಾರೆ. ಹುಡುಗರ ಕಿವಿಗೆ ಅಪ್ಪಟ ಪ್ರೇಮಗೀತೆ.

ಹಾಗೆ ಕೇಳಿಸುವುದಕ್ಕೆ ಕಾರಣವೂ ಇದೆ. 'ತಪ್ಪಾಲೆ ಬೆಳಗಿವ್ನಿ, ತುಪ್ಪವ ಕಾಸಿವ್ನಿ, ಕಿತ್ತಾಳೆ ಹಣ್ಣು ತಂದಿವ್ನಿ' ಸಾಲು ನೋಡಿ. ಚಾಮರಾಜನಗರದ ಕಡೆ 'ತಂದಿವ್ನಿ' ಅಂದರೆ 'ತಂದಿದ್ದೇನೆ'. ನಮ್ಮ ಕಡೆ 'ತಂದವ್ನೆ' ಅಂದರೆ 'ಅವನು ತಂದಿದ್ದಾನೆ'. ಸ್ವರ ಸ್ವಲ್ಪ ಆಚೀಚೆ ಆದರೆ ಸಾಕು, ದೇವರಿಗೆ ತಂದ ಹಣ್ಣು ಹುಡುಗಿಗೆ ಹೋಗಿಬಿಡುತ್ತದೆ! 'ಮಾದೇವ ನಿಮ್ಗೆ' ಅಂತ ಬೆನ್ನಿಗೇ ಬರುತ್ತದೆ. ರಾಗದ ಗುಂಗಿನಲ್ಲಿ ಅದನ್ನು ಯಾರು ಕೇಳಿಸಿಕೊಳ್ಳುತ್ತಾರೆ?

ನನಗೆ ತೊಡಕಾಗಿರುವುದು 'ಬೆಟ್ಟ ಹತ್ಕೊಂಡ್ ಹೋಗೋರ್ಗೆ ಹಟ್ಟಿ ಹಂಬಲವ್ಯಾಕೆ' ಅನ್ನುವ ಸಾಲು. ಶಿರಾ ಕಡೆ ಹಟ್ಟಿ ಅಂದ ಕೂಡಲೇ ಗೊಲ್ಲರಹಟ್ಟಿ, ಗೊಲ್ಲರ ದೈವ ಜುಂಜಪ್ಪನ ಹಾಡು ನೆನಪಾಗುತ್ತದೆ. ದನ ಕುರಿ ಕೂಡುವ ಜಾಗಕ್ಕೂ ಹಟ್ಟಿ ಅನ್ನುತ್ತಾರೆ. ಈ ಹಾಡಿನಲ್ಲಿ ಅದು ಮನೆಯೋ, ಕೊಟ್ಟಿಗೆಯೋ, ಅಂಗಳವೋ, ಇಡೀ ಕೇರಿಯೋ? ಮನೆ ಅಂತಾದರೆ ಹೆಂಡತಿ ಮಕ್ಕಳ ನೆನಪು ಬಿಡು ಅಂದ ಹಾಗಾಯಿತು. ಕೊಟ್ಟಿಗೆ ಅಂತಾದರೆ ದನಕ್ಕೆ ಯಾರು ಮೇವು ಹಾಕಿದರೋ, ನೀರು ತೋರಿಸಿದರೋ ಇಲ್ಲವೋ ಅನ್ನುವ ಚಿಂತೆ. ನನಗೆ ಎರಡನೆಯದೇ ಜಾಸ್ತಿ ಹಿಡಿಸುತ್ತದೆ. ಬೆಟ್ಟಕ್ಕೆ ಹೊರಟ ರೈತನನ್ನು ನಿಜವಾಗಿ ಕಾಡುವುದು ಅದೇ ಅಲ್ವಾ?

'ಹಂಬಲ' ಇನ್ನೂ ಮಜವಾಗಿದೆ. ಪ್ರೀತಿಯ ಹಾಡುಗಳಲ್ಲೇ ಜಾಸ್ತಿ ಸಿಗುವ ಪದ. ಇಲ್ಲಿ ಅದು ಯಾಕೆ ಅಂತ ಗದರುತ್ತಾರೆ. ಆದರೆ ಹೂವು, ತುಪ್ಪ, ಹಣ್ಣು ಹೊತ್ತು ಹತ್ತುವವರಿಗೆ ಇರುವುದೂ ಹಂಬಲವೇ ತಾನೇ? ಹಟ್ಟಿ ಕಡೆ ಇದ್ದದ್ದು ಬೆಟ್ಟದ ಕಡೆ ತಿರುಗಿದೆ, ಅಷ್ಟೇ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡ ಅಂತಲೇ ಕರೆದಳಲ್ಲ. ಹಾಗಾಗಿ ಪ್ರೇಮಗೀತೆ ಅನ್ನುವ ಹುಡುಗರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ.

ಇನ್ನೊಂದು. 'ಉಚ್ಚೆಳ್ಳು ಹೂವಂಗೆ ಹೆಚ್ಚೇವೊ ನಿನ್ ಪರಸೆ' ಅಂತ ಬರುತ್ತದೆ. ರಾಗಿ ಹೊಲದ ನಡುನಡುವೆ ಬೇರೆ ಬೆಳೆ ಹಾಕುವ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಪರಿಷೆ ಅಂದರೆ ಜಾತ್ರೆ. ಇಲ್ಲಿ ಪರಸೆ ಅಂದರೆ ಜಾತ್ರೆಯೋ, ಜಾತ್ರೆಗೆ ಬಂದ ಜನವೋ? ಕೊಳ್ಳೇಗಾಲ, ಹನೂರು ಕಡೆಯವರು ಇದ್ದರೆ ಹಟ್ಟಿ, ಪರಸೆ ಎರಡನ್ನೂ ನಿಮ್ಮ ಮನೆಮಾತಿನಲ್ಲಿ ಹೇಗೆ ಬಳಸುತ್ತೀರಿ ಅಂತ ಒಂದೊಂದು ವಾಕ್ಯ ಬರೆದು ತಿಳಿಸಿ.