ಪದಚರ್ಚೆ: ‘ಇಂಗುಗುಂಡಿ’ ಎಂದರೆ ಯಾವ ಗುಂಡಿ? ಕರಾರುಪತ್ರಕ್ಕೆ ತುರ್ತಾಗಿ ಬೇಕು

ಪ್ರಶ್ನೆ (ಮೂಡಿಗೆರೆಯಿಂದ)

ಬಳಗದ ಹಿರಿಯರಿಗೆ ನಮಸ್ಕಾರ. ಮೂಡಿಗೆರೆ, ಸಕಲೇಶಪುರದ ಸುತ್ತ ತೋಟ, ಮನೆಗಳನ್ನು ಕೊಡಿಸುವ ದಲ್ಲಾಳಿ ನಾನು. ಗುಡ್ಡದ ಇಳಿಜಾರಿನಲ್ಲಿರುವ ಹಳೆಯ ಮನೆಯೊಂದರ ಕ್ರಯದ ಕರಾರು ಸೋಮವಾರ ಆಗಬೇಕಿದೆ. ಅದರ ಷೆಡ್ಯೂಲಿನಲ್ಲಿ (ಆಸ್ತಿಯ ವಿವರಪಟ್ಟಿಯಲ್ಲಿ) ಚಕ್ಕುಬಂದಿಯ, ಅಂದರೆ ನಾಲ್ಕು ದಿಕ್ಕಿನ ಗಡಿಗಳ, ಕೆಳಗೆ ಪತ್ರಬರಹಗಾರರು ‘ಎರಡು ಇಂಗುಗುಂಡಿಗಳು ಸೇರಿ’ ಎಂದು ಬರೆದಿದ್ದಾರೆ. ಒಂದು, ಬೋರ್‌ವೆಲ್ಲಿನ ಪಕ್ಕದಲ್ಲಿ ಮಳೆನೀರು ಇಂಗಿಸುವ ಗುಂಡಿ. ಇನ್ನೊಂದು, ಶೌಚಾಲಯದ ನೀರು ಇಳಿಯುವ ಗುಂಡಿ. ಕೊಳ್ಳುವವರು ಬೆಂಗಳೂರಿನಲ್ಲಿ, ಒಳಚರಂಡಿಯಿರುವ ಬಡಾವಣೆಯಲ್ಲಿ ಬೆಳೆದವರು. ಚಾವಣಿಯ ನೀರನ್ನು ಎರಡೂ ಗುಂಡಿಗೆ ಬಿಡಬಹುದಲ್ಲವೇ ಎಂದು ಅವರು ಕೇಳಿದಾಗಲೇ ನನಗೆ ಈ ಪದದ ಅಪಾಯ ಹೊಳೆದದ್ದು.

ಈ ಎರಡನೆಯ ಗುಂಡಿ ಎಲ್ಲಿದೆಯೆಂಬುದು ಮಾರುವವರಿಗೂ ಗೊತ್ತಿರಲಿಲ್ಲ. ಕಟ್ಟಿದ ಮೇಸ್ತ್ರಿ ತೀರಿಕೊಂಡಿದ್ದಾರೆ, ಗಾಳಿ ಕೊಳವೆ ಯಾವಾಗಲೋ ಮುರಿದುಹೋಗಿದೆ. ಗುಡ್ಡದ ಮನೆಗಳಲ್ಲಿ ನಾನು ಮೊದಲು ನೋಡುವುದು ಬಚ್ಚಲಿನ ಹಿಂಬದಿಯ ಗೋಡೆಯನ್ನು. ನಾಲ್ಕಿಂಚಿನ ಕೊಳವೆ ಅಲ್ಲಿಂದ ಹೊರಟು ಇಳಿಜಾರಿನ ಕಡೆಗೇ ಹೋಗಬೇಕು. ಇಲ್ಲಿಯೂ ಕೊಳವೆ ಹೋದ ದಿಕ್ಕಿನಲ್ಲಿ, ಸುತ್ತಲಿನ ಹುಲ್ಲೆಲ್ಲ ಬಿಸಿಲಿಗೆ ಒಣಗಿದ್ದರೂ ಒಂದು ಪಟ್ಟಿ ಮಾತ್ರ ಹಸಿರಾಗಿತ್ತು. ಹಾರೆಯಿಂದ ಮೆಲ್ಲಗೆ ಚುಚ್ಚುತ್ತ ಬಂದಾಗ ಒಂದೂವರೆ ಅಡಿ ಆಳದಲ್ಲಿ ಟೊಳ್ಳು ಸದ್ದು ಕೇಳಿ, ಮಣ್ಣು ತೆಗೆದರೆ ಕಲ್ಲಿನ ಚಪ್ಪಡಿ ಸಿಕ್ಕಿತು. (ಇಂಥ ಕಡೆ ಜೋರಾಗಿ ಕುಟ್ಟಬಾರದು, ಹಳೆಯ ಚಪ್ಪಡಿ ಕಾಲಡಿಯಲ್ಲೇ ಕುಸಿಯಬಹುದು.) ಅದು ಶೌಚಾಲಯದ ನೀರು ಮೊದಲು ಬಂದು ನಿಲ್ಲುವ ತೊಟ್ಟಿ, ‘ಸೆಪ್ಟಿಕ್ ಟ್ಯಾಂಕ್’ ಎನ್ನುತ್ತಾರಲ್ಲ, ಅದು. ಅದರಿಂದ ಇನ್ನೂ ಕೆಳಗೆ, ಸೊಕ್ಕಿ ಬೆಳೆದ ಬಾಳೆಹಿಂಡಿನ ಬುಡದಲ್ಲಿ, ಸಿಮೆಂಟು ರಿಂಗು ಇಳಿಸಿದ ಗುಂಡಿ ಇತ್ತು. ತೊಟ್ಟಿಗೂ ಗುಂಡಿಗೂ ಬೇರೆ ಬೇರೆ ಪದ ಬೇಕು. ಮಳೆನೀರಿನ ಗುಂಡಿಯೊಂದಿಗೆ ಬೆರೆಯಲೂ ಬಾರದು.

ಉತ್ತರ (ಮೈಸೂರಿನಿಂದ)

‘ಸೆಪ್ಟಿಕ್’ ಬೇಡವೇ ಬೇಡ. ಅದರ ಗ್ರೀಕ್ ಮೂಲದ ಅರ್ಥ ‘ಕೊಳೆಯಿಸುವ’ ಎಂದು. ನಮ್ಮಲ್ಲಿ ‘ಕೊಳೆ’ ಎಂಬ ಧಾತುವಿರುವಾಗ ಗ್ರೀಕಿನ ಹಂಗೇಕೆ? ‘ಮಲಗುಂಡಿ’ಯಲ್ಲಿರುವ ‘ಮಲ’ ಸಂಸ್ಕೃತದ್ದಾದ್ದರಿಂದ ಅದೂ ಸಲ್ಲದು. ‘ಕೊಳೆತೊಟ್ಟಿ’, ‘ಕೊಳೆಗುಂಡಿ’ ಎಂದು ಬರೆಯಿರಿ. ಮುಗಿಯಿತು.

ಉತ್ತರ (ಶಿರಸಿಯಿಂದ)

ಮುಗಿಯಲಿಲ್ಲ. ಮಲೆನಾಡಿನಲ್ಲಿ ‘ಕೊಳೆ’ ಎಂದೊಡನೆ ನೆನಪಾಗುವುದು ಅಡಕೆಯ ಕೊಳೆರೋಗ. ‘ಕೊಳೆಗುಂಡಿ’ ಎಂದರೆ ನಮ್ಮವರು ಗೊಬ್ಬರದ ಗುಂಡಿಯೆಂದೇ ತಿಳಿಯುತ್ತಾರೆ. ಎರವಲಿನ ಮಾತಿಗೆ ಬಂದರೆ, ಈ ಪತ್ರದಲ್ಲಿರುವ ‘ಕರಾರು’ ಅರಬ್ಬಿಯಿಂದ ಬಂದದ್ದು, ‘ದಸ್ತಾವೇಜು’, ‘ಜಮೀನು’ ಪಾರಸಿಯವು, ‘ಕ್ರಯ’ ಸಂಸ್ಕೃತ. ಶುದ್ಧಿಯ ಹೊರೆಯನ್ನೆಲ್ಲ ಪಾಪ ಈ ಗುಂಡಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ‘ಪಾಯಿಖಾನೆ’ಯೂ ಪಾರಸಿಯೇ, ‘ಕಕ್ಕಸು’ ಡಚ್ಚರಿಂದ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಇವುಗಳನ್ನು ಆಡಿದವರು ಕನ್ನಡ ಬಿಟ್ಟವರೇನಲ್ಲ.

ಉತ್ತರ (ಮೈಸೂರಿನಿಂದ)

ಒಂದು ತಪ್ಪು ನಡೆದಿದೆಯೆಂದು ಇನ್ನೊಂದನ್ನು ಒಪ್ಪಲಾಗದು. ದಸ್ತಾವೇಜಿನಲ್ಲಿ ಇಂದು ಬರೆದ ಪದ ನೂರು ವರ್ಷ ಉಳಿಯುತ್ತದೆ.

ಉತ್ತರ (ಪುತ್ತೂರಿನಿಂದ)

ನೂರು ವರ್ಷ ಉಳಿಯುತ್ತದೆಂದೇ ಅದು ನಿಖರವಾಗಿರಬೇಕು. ನಾನು ಕಟ್ಟಡಗಳ ಕೆಲಸದಲ್ಲಿದ್ದು ನಿವೃತ್ತನಾದವನು. ಕೈಯಿಂದ ಮಲ ಬಾಚುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಲ್ಲಿ ಸೆಪ್ಟಿಕ್ ಟ್ಯಾಂಕಿನ ವ್ಯಾಖ್ಯೆಯೇ ಇದೆ: ನೀರು ಸೋರದ, ಸಾಮಾನ್ಯವಾಗಿ ನೆಲದಡಿಯಲ್ಲಿರುವ ತೊಟ್ಟಿ. ಸೋರದಿರುವುದು ತೊಟ್ಟಿಯ ಲಕ್ಷಣ, ಸೋರುವುದು ಗುಂಡಿಯ ಲಕ್ಷಣ. ನಮ್ಮ ಕಡೆ ತಳವಿಲ್ಲದ ರಿಂಗಿನ ಗುಂಡಿಯನ್ನೂ, ಜಂಬಿಟ್ಟಿಗೆ ಕಟ್ಟಿದ ಹೊಂಡವನ್ನೂ ‘ಸೆಪ್ಟಿಕ್ ಟ್ಯಾಂಕ್’ ಎಂದೇ ಕರೆದು ಮಾರುತ್ತಾರೆ, ಇದು ಪದದ ತಪ್ಪಲ್ಲ, ಮಾರುವವರ ತಪ್ಪು. ‘ಇಂಗು’ ಎಂಬ ಧಾತು ನೀರು ಏನಾಗುತ್ತದೆಂದು ಹೇಳುತ್ತದೆಯೇ ಹೊರತು ಯಾವ ನೀರೆಂದು ಹೇಳುವುದಿಲ್ಲ. ಆದ್ದರಿಂದ ಮುಂದೆ ಒಂದು ವಿಶೇಷಣ ಬೇಕೇ ಬೇಕು. ಉದ್ಯೋಗ ಖಾತರಿಯಲ್ಲಿ ಸ್ನಾನದ, ಪಾತ್ರೆ ತೊಳೆದ ನೀರಿಗೆ ಮಾಡಿಸುವ ಗುಂಡಿಯನ್ನು ‘ಬಚ್ಚಲುಗುಂಡಿ’ ಎಂದೇ ಕರೆದಿದ್ದಾರೆ. ಕೇಳಿದ ಕೂಡಲೇ ಯಾವ ನೀರೆಂದು ತಿಳಿಯುತ್ತದೆ. ಅದೇ ದಾರಿಯಲ್ಲಿ ‘ಶೌಚದ ಇಂಗುಗುಂಡಿ’, ‘ಮಳೆನೀರಿನ ಇಂಗುಗುಂಡಿ’ ಎಂದು ಬರೆಯಿರಿ. ತೊಟ್ಟಿಗೆ ‘ಸೆಪ್ಟಿಕ್ ಟ್ಯಾಂಕ್’ ಇರಲಿ, ಕಾಯ್ದೆಯ ಪದ ಅದು, ಗಾರೆ ಕೆಲಸದವನೂ ಅದನ್ನೇ ಆಡುತ್ತಾನೆ.

ಪದಕ್ಕಿಂತ ಮುಖ್ಯವಾದದ್ದೊಂದನ್ನು ಕೇಳುತ್ತೇನೆ: ಆ ಗುಂಡಿಯ ಕೆಳಗೆ ಬಾವಿ ಇದೆಯೇ? ಸೆಪ್ಟಿಕ್ ಟ್ಯಾಂಕುಗಳ ಭಾರತೀಯ ಮಾನಕವಾದ ಐಎಸ್ 2470ರ ಪ್ರಕಾರ ಶೌಚದ ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು. ಇಳಿಜಾರಿನಲ್ಲಿ ನೆಲದಡಿಯ ನೀರೂ ಕೆಳಕ್ಕೇ ಸರಿಯುವುದರಿಂದ ಕೆಳಗಿನ ಬಾವಿಗೆ ಅಪಾಯ ಹೆಚ್ಚು. ಚಾವಣಿಯ ನೀರನ್ನು ಆ ಗುಂಡಿಗೆ ಬಿಟ್ಟರಂತೂ ಆಷಾಢದ ಮಳೆಗೆ ಅದು ತುಂಬಿ, ಹೊಲಸು ಮೇಲಕ್ಕೇ ಉಕ್ಕುತ್ತದೆ.

ಪ್ರಶ್ನೆ ಕೇಳಿದವರಿಂದ (ಮೂಡಿಗೆರೆಯಿಂದ)

ಎಲ್ಲರಿಗೂ ಕೃತಜ್ಞತೆಗಳು. ಬಾವಿ ಇದೆ, ಕೆಳಗೇ ಇದೆ. ಈ ದಿನ ಟೇಪು ಹಿಡಿದು ಅಳೆದೆ, 40 ಅಡಿ ಬಂತು. ದೂರವನ್ನು ಪತ್ರದಲ್ಲಿ ಬರೆಯುವುದು ಬೇಡವೆಂದು ಮಾರುವವರು ಪಟ್ಟು ಹಿಡಿದರು. ಬರೆಯದಿದ್ದರೆ ನಾನು ಈ ವ್ಯವಹಾರದಲ್ಲಿ ಇರುವುದಿಲ್ಲವೆಂದು ಹೇಳಿದ ಮೇಲೆ ಒಪ್ಪಿದ್ದಾರೆ. ಕೊಳ್ಳುವವರು ಗುಂಡಿಯನ್ನು ಬೇರೆಡೆ ತೋಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿದ್ದಾರೆ. ಮೈಸೂರಿನ ಹಿರಿಯರ ‘ತೊಟ್ಟಿ’ ನನಗೂ ಇಷ್ಟವೇ, ಆದರೆ ಮುಂದೆ ಅದನ್ನು ತೆರೆಯುವವನಿಗೆ ಅದು ನೀರಿನ ತೊಟ್ಟಿಯೆಂಬ ಭ್ರಮೆ ಹುಟ್ಟಬಾರದು. ಪತ್ರಬರಹಗಾರರಿಗೆ ಹೀಗೆ ಬರೆದುಕೊಟ್ಟಿದ್ದೇನೆ:

‘ಮನೆಯ ಪಶ್ಚಿಮಕ್ಕೆ, ಒಂದೂವರೆ ಅಡಿ ಮಣ್ಣಿನ ಕೆಳಗೆ ಕಲ್ಲುಚಪ್ಪಡಿ ಮುಚ್ಚಿದ ಸೆಪ್ಟಿಕ್ ಟ್ಯಾಂಕ್ ಒಂದು, ಅದರಿಂದ ಇಳಿಜಾರಿನ ಕೆಳಕ್ಕೆ, ಬಾವಿಯಿಂದ 40 ಅಡಿ ದೂರದಲ್ಲಿ ಶೌಚದ ಇಂಗುಗುಂಡಿ ಒಂದು, ಬೋರ್‌ವೆಲ್ಲಿನ ಪಕ್ಕದಲ್ಲಿ ಮಳೆನೀರಿನ ಇಂಗುಗುಂಡಿ ಒಂದು.’

ತಿದ್ದುವುದಿದ್ದರೆ ದಯವಿಟ್ಟು ಭಾನುವಾರ ಸಂಜೆಯೊಳಗೆ ತಿಳಿಸಿ.