ಗುಳಿಗಿ ತಗೊಂಡ್ರೂ ಗಟ್ಟಿ ಆಗವಲ್ದು, ಯಾಕ? ಡಾಕ್ಟರ್ ಜೋಡಿ ಪ್ರಶ್ನೋತ್ತರ

ಪ್ರಶ್ನೆ (ಮಾನ್ವಿ, ವಯಸ್ಸು 47): ಹೆಸರು ಹಾಕಿಲ್ಲ ಸಾರ್. ಶುಗರ್ ಎಂಟು ವರ್ಷದ್ದು, ಬಿಪಿಗೆ ಅಟೆನೊಲಾಲ್ ನಡದದ. ಆರು ತಿಂಗಳಿಂದ ಶಿಶ್ನ ಪೂರ್ತಿ ಗಟ್ಟಿ ಆಗಂಗಿಲ್ಲ, ಆದ್ರೂ ನಡುವೇ ಇಳೀತದ. ಮೆಡಿಕಲ್ ಶಾಪಿನಾಗ ಕೇಳಿ ಸಿಲ್ಡೆನಾಫಿಲ್ (ವಯಾಗ್ರಾದಾಗ ಇರೋ ಔಷಧಿ) 50 ಮಿ.ಗ್ರಾಂ. ತಗೊಂಡೆ, ರಾತ್ರಿ ಬಿರಿಯಾನಿ ಉಂಡ ಮ್ಯಾಲೆ. ಎರಡು ಸಲನೂ ಉಪಯೋಗ ಆಗಲಿಲ್ಲ. ನರ ವೀಕ್ ಆಗ್ಯಾವ ಅಂತ ಟೆಂಟಿನ ವೈದ್ಯ ಒಬ್ಬ 6 ಸಾವಿರದ ಕೋರ್ಸ್ ಹೇಳ್ಯಾನ.

ಡಾಕ್ಟರ್: ಆ 6 ಸಾವಿರ ಕಿಸೆದಾಗ ಇಟ್ಕೊಳ್ರಿ. ನಿಮಿರೋದು ಬರೀ ನರದ ಕೆಲಸ ಅಲ್ಲ, ರಕ್ತದ ಕೆಲಸ. ಆಸೆ ಹುಟ್ಟಿದಾಗ ನರದ ತುದಿಯಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಆಗ್ತದ. ಒಳಗಿನ ಸ್ನಾಯು ಸಡಿಲಾಗಿ ರಕ್ತ ನುಗ್ತದ. ಉಬ್ಬಿದ ಭಾಗ ರಕ್ತ ಹೊರಗ ಹೋಗೋ ನಾಳ ಒತ್ತಿ ಹಿಡೀತದ. ಶುಗರ್ ಬಹಳ ದಿನ ಏರಿದ್ರ ನರ, ನಾಳ ಎರಡೂ ಕೆಡ್ತಾವ.

ಇನ್ನೊಂದು ಮಾತು, ಇದನ್ನ ಹಗುರಾಗಿ ತಗೋಬ್ಯಾಡ್ರಿ. ಶಿಶ್ನದ ರಕ್ತನಾಳ 1ರಿಂದ 2 ಮಿ.ಮೀ., ಹೃದಯದ್ದು 3ರಿಂದ 4. ಕಾಲುವಿ ನೀರು ಕಮ್ಮಿ ಆದ್ರ ಕೊನೇ ಭಾಗದ ಮಾನ್ವಿಗೆ ಮೊದಲು ಗೊತ್ತಾಗ್ತದಲ್ಲ, ಹಂಗ. ಹೃದಯದ ತೊಂದರಿ ಕಾಣಿಸೋಕಿಂತ ಎರಡು-ಮೂರು ವರ್ಷ ಮೊದಲೇ ಇಲ್ಲಿ ಕಾಣಿಸ್ಕೋಬಹುದು. ಅದಕ್ಕ ಮೊದಲು ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ), ಕೊಲೆಸ್ಟ್ರಾಲ್ ನೋಡಿಸ್ರಿ. ಮುಂಜಾನೆ 8ರಿಂದ 10ರೊಳಗ ರಕ್ತ ಕೊಟ್ಟು ಟೆಸ್ಟೊಸ್ಟೆರಾನ್ (ಗಂಡಸಿನ ಹಾರ್ಮೋನ್) ಪರೀಕ್ಷಿ ಮಾಡಿಸ್ರಿ, ಮಧ್ಯಾಹ್ನ ಕೊಟ್ರ ಕಮ್ಮಿ ತೋರಿಸ್ತದ. ಕಮ್ಮಿ ಬಂದ್ರ ಇನ್ನೊಂದು ದಿನ ಮತ್ತ ಮಾಡಿಸಿಯೇ ನಂಬಬೇಕು. ಶುಗರ್, ಬಿಪಿ ತಾಲೂಕು ಆಸ್ಪತ್ರಿ ಎನ್‌ಸಿಡಿ (ಅಂಟದ ರೋಗಗಳ) ಕ್ಲಿನಿಕ್ಕಿನಾಗೂ ನೋಡ್ತಾರ. ಗುಟ್ಕಾ, ಬೀಡಿ ಇದ್ರ ಬಿಡ್ರಿ; ನಿಕೋಟಿನ್ ನಾಳ ಬಿಗಿ ಮಾಡ್ತದ.

ಗುಳಿಗಿ ಸೋತದ ಅನ್ನಾಕ ಇನ್ನೂ ಆಗಂಗಿಲ್ಲ. ಸಿಲ್ಡೆನಾಫಿಲ್ ಹೊಟ್ಟಿ ಖಾಲಿ ಇದ್ದಾಗ, ಒಂದು ತಾಸು ಮೊದಲು ತಗೋಬೇಕು. ಎಣ್ಣಿ-ಕೊಬ್ಬಿನ ಊಟದ ಮ್ಯಾಲೆ ತಗೊಂಡ್ರ ರಕ್ತಕ್ಕ ಸೇರೋದು ತಡ, ಸೇರೋದೂ ಕಮ್ಮಿ. ನುಂಗಿ ಸುಮ್ಮನ ಮಲಗಿದ್ರ ನಡೆಯಂಗಿಲ್ಲ, ಸ್ಪರ್ಶ, ಆಸೆ ಇರಲೇಬೇಕು. ದಿನಕ್ಕ ಒಂದೇ ಸಲ. ಸರಿಯಾದ ಕ್ರಮದಾಗ ಬೇರೆ ಬೇರೆ ದಿನ ಆರೇಳು ಸಲ ನೋಡಿ ಆಮ್ಯಾಲೆ ತೀರ್ಮಾನ. 100ಕ್ಕ ಏರಿಸೋದು ನಿಮ್ಮ ಡಾಕ್ಟರ್ ಹೇಳಬೇಕು. ಟಡಾಲಫಿಲ್ ಅನ್ನೋ ಇಂಥದೇ ಇನ್ನೊಂದು ಗುಳಿಗಿಗೆ ಊಟದ ಅಡ್ಡಿ ಇಲ್ಲ, 36 ತಾಸಿನ ತನಕ ಪರಿಣಾಮ ಇರ್ತದ.

ಅಟೆನೊಲಾಲ್‌ನಿಂದ ಈ ತೊಂದರಿ ಕೆಲವರಿಗೆ ಬರ್ತದ. ಆದ್ರ ನೀವೇ ಒಮ್ಮಿಂದೊಮ್ಮೆ ನಿಲ್ಲಿಸಬ್ಯಾಡ್ರಿ, ಬಿಪಿ ಜಿಗಿದು ಎದಿಗೆ ಹೊಡೀತದ. ಟೆಲ್ಮಿಸಾರ್ಟಾನ್‌ನಂಥದಕ್ಕ ಬದಲಿಸಬಹುದೇನಂತ ಕೇಳ್ರಿ.

ಪ್ರಶ್ನೆ (ಗಂಗಾವತಿ): ಡಾಕ್ಟ್ರೇ, ನಮ್ಮ ಮನಿಯವರಿಗೆ ಹೋದ ವರ್ಷ ಹೃದಯದ ನಾಳಕ್ಕ ಸ್ಟೆಂಟ್ ಹಾಕ್ಯಾರ. ಅವರು ಕೇಳಾಕ ನಾಚ್ಕೊತಾರ, ನಾನ ಕೇಳಾಕತ್ತೀನಿ. ಈ ಗುಳಿಗಿ ನಡೀತೈತಾ?

ಡಾಕ್ಟರ್: ಕೇಳಿದ್ದು ಚಲೋ ಆತು ತಂಗಿ. ಸ್ಟೆಂಟ್ ಇದ್ದ ಮಾತ್ರಕ್ಕ ಅಡ್ಡಿ ಇಲ್ಲ. ಅವರ ಗುಳಿಗಿ ಚೀಟಿ ತೆಗೆದು ನೋಡು: ನಾಲಿಗಿ ಕೆಳಗ ಇಡೋ ಸಾರ್ಬಿಟ್ರೇಟ್, ಐಸೊಸಾರ್ಬೈಡ್, ನೈಟ್ರೊಗ್ಲಿಸರಿನ್, ನಿಕೊರಾಂಡಿಲ್, ಇವುಗಳಲ್ಲಿ ಒಂದಿದ್ರೂ ಸಿಲ್ಡೆನಾಫಿಲ್, ಟಡಾಲಫಿಲ್ ಎರಡೂ ಬ್ಯಾಡ. ಜೋಡಿ ಆದ್ರ ಬಿಪಿ ಪಾತಾಳಕ್ಕ ಇಳಿದು ಜೀವಕ್ಕೇ ಬರ್ತದ. ಇಲ್ಲದಿದ್ರ, 20 ನಿಮಿಷದಾಗ ಒಂದೂವರಿ ಕಿಲೋಮೀಟರ್ ಬಿರುಸಾಗಿ ನಡೆದಾಗ ಎದಿನೋವು, ದಮ್ಮು ಬರಂಗಿಲ್ಲ ಅಂದ್ರ ಹೃದಯದ ಡಾಕ್ಟರ್ ಒಪ್ಪಿಗಿ ಸಾಮಾನ್ಯವಾಗಿ ಸಿಗ್ತದ. ಒಪ್ಪಿಗಿ ಮಾತ್ರ ಬೇಕೇ ಬೇಕು. ಗುಳಿಗಿ ತಗೊಂಡ ಮ್ಯಾಲೆ ಎದಿನೋವು ಬಂದ್ರ ಆಸ್ಪತ್ರಿಯೊಳಗ ಮುಚ್ಚಿಡದ ಹೇಳ್ರಿ. ಸಿಲ್ಡೆನಾಫಿಲ್ ಆದ್ರ 24 ತಾಸು, ಟಡಾಲಫಿಲ್ ಆದ್ರ 48 ತಾಸು ನೈಟ್ರೇಟ್ (ಸಾರ್ಬಿಟ್ರೇಟ್‌ನಂಥ ಎದಿನೋವಿನ ಔಷಧಿ) ಕೊಡಂಗಿಲ್ಲ. ನಾಚಿಕಿ ಇಲ್ಲಿ ದುಬಾರಿ.

ಫಾರ್ಮಸಿಸ್ಟ್ (ಬಳ್ಳಾರಿ): ಅಂಗಡಿಯಿಂದ ನನ್ನದೊಂದು ಮಾತು. ಆಯುರ್ವೇದ ಅಂತ ಹೇಳಿ ಮಾರುವ ಪುಡಿ ಒಂದೇ ತಾಸಿನಲ್ಲಿ ಕೆಲಸ ಮಾಡಿದರೆ ಸಂಶಯ ಪಡಿ. ಚೀಟಿಯಲ್ಲಿ ಬರೆಯದೆ ಸಿಲ್ಡೆನಾಫಿಲ್ ಬೆರೆಸಿದ್ದು ಎಷ್ಟೋ ಕಡೆ ಸಿಕ್ಕಿದೆ. ಹಾರ್ಟಿನ ಗುಳಿಗೆ ತಿನ್ನುವವರಿಗೆ ಅದೇ ಅಪಾಯ. ಸಿಲ್ಡೆನಾಫಿಲ್ ಜೊತೆ ಡಾಪಾಕ್ಸೆಟಿನ್ ಸೇರಿದ ಗುಳಿಗೆಯೂ ಬರುತ್ತೆ. ಅದು ಬೇಗ ಸ್ಖಲನ ಆಗುವವರಿಗೆ, ಎದ್ದು ನಿಂತಾಗ ತಲೆಸುತ್ತಿ ಬೀಳುವವರೂ ಇದ್ದಾರೆ. ಪ್ರಿಸ್ಕ್ರಿಪ್ಷನ್ ಇಲ್ಲದೆ ಕೊಡಬಾರದ ಔಷಧಿ ಇವು.

ಡಾಕ್ಟರ್: ಸರಿಯಾಗಿ ಹೇಳಿದ್ರಿ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತಗೊಳ್ಳೋರೂ ಮೊದಲು ಕೇಳಬೇಕು, ಅವರಿಗೆ ಸಿಲ್ಡೆನಾಫಿಲ್ 25 ಮಿ.ಗ್ರಾಂ.ನಿಂದಲೇ ಶುರು. ತಲಿನೋವು, ಮುಖ ಕೆಂಪಾಗೋದು, ಮೂಗು ಕಟ್ಟೋದು ಮಾಮೂಲಿ.

ಪ್ರಶ್ನೆ (ರಾಯಚೂರು, 25): ಮದುವಿ ಆಗಿ ಎರಡು ತಿಂಗಳು. ಮುಂಜಾನೆ ಎದ್ದಾಗ ಗಟ್ಟಿ ಇರ್ತದ, ಹೆಂಡ್ತಿ ಹತ್ರ ಹೋದ್ರ ಇಳೀತದ.

ಡಾಕ್ಟರ್: ಮುಂಜಾನೆ ಇರ್ತದ ಅಂದ್ರ ನಾಳ, ನರ ಚಲೋ ಅವ. ಪರೀಕ್ಷಿ ಬರೆದಂಗ ಅಂಜಿದ್ರ ಅಡ್ರಿನಾಲಿನ್ ಏರಿ ನಾಳ ಬಿಗಿ ಆಗ್ತಾವ. ಎರಡು-ಮೂರು ವಾರ ಸಂಭೋಗದ ಮಾತೇ ಬ್ಯಾಡ ಅಂತ ಇಬ್ಬರೂ ಒಪ್ಕೊಂಡು, ಬರೀ ಮುಟ್ಟೋದು, ಅಪ್ಕೊಳ್ಳೋದು ಮಾಡ್ರಿ. ಮತ್ತೂ ಹಂಗೇ ಇದ್ರ ಇಬ್ಬರೂ ಕೂಡಿ ಬರ್ರಿ.

ಪ್ರಶ್ನೆ (ಮಾನ್ವಿ): ಗುಳಿಗಿ ಸರಿಯಾಗಿ ತಗೊಂಡ್ರೂ ಆಗಲಿಲ್ಲ ಅಂದ್ರ?

ಡಾಕ್ಟರ್: ಯೂರಾಲಜಿಸ್ಟ್ (ಮೂತ್ರ, ಜನನಾಂಗದ ಡಾಕ್ಟರ್) ಹತ್ರ ಹೋಗಬೇಕು. ಗಾಳಿ ಎಳೆದು ರಕ್ತ ತುಂಬಿಸೋ ವ್ಯಾಕ್ಯೂಮ್ ಪಂಪ್ ಅದ, ರಕ್ತ ಹಿಡಿಯೋ ಅದರ ರಿಂಗ್ 30 ನಿಮಿಷಕ್ಕಿಂತ ಹೆಚ್ಚು ಇಡಂಗಿಲ್ಲ. ಶಿಶ್ನಕ್ಕೇ ಚುಚ್ಚೋ ಇಂಜೆಕ್ಷನ್ ಅದ, ಮೊದಲ ಡೋಸ್ ಆಸ್ಪತ್ರಿಯೊಳಗೇ. ಕೊನೀಗೆ ಇಂಪ್ಲಾಂಟ್, ಅಂದ್ರ ಆಪರೇಷನ್ ಮಾಡಿ ಒಳಗ ಕೂಡಿಸೋ ಸಾಧನ. ಯಾವುದರಿಂದಲೇ ಆಗಲಿ, 4 ತಾಸಾದ್ರೂ ಇಳೀಲಿಲ್ಲ ಅಂದ್ರ ಮುಂಜಾನಿ ತನಕ ಕಾಯಬ್ಯಾಡ್ರಿ, ಅದೇ ರಾತ್ರಿ ರಾಯಚೂರಿನ ರಿಮ್ಸ್ ಆಸ್ಪತ್ರಿ ಎಮರ್ಜೆನ್ಸಿಗೆ ಹೋಗ್ರಿ.