ಚಿಕ್ಕಪ್ಪನ ಲಾಲ್‌ಬಾಗ್ ವಾಕಿಂಗಿಗೆ ನನ್ನ ಉತ್ತರ

ಚಿಕ್ಕಪ್ಪ, ನಮಸ್ಕಾರ. ಟೈಪ್ ಮಾಡೋಕೆ ಕೂತ್ರೆ ಬೆಳಗಾಗುತ್ತೆ, ಅದಕ್ಕೇ ಮಾತಲ್ಲೇ ಹೇಳ್ತಿದೀನಿ. ಮಧ್ಯೆ ಕುಕ್ಕರ್ ಕೂಗಿದ್ರೆ ಸಹಿಸ್ಕೊಳ್ಳಿ.

ನಿನ್ನೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಅಮ್ಮ ವ್ಯಾಯಾಮದ ರಬ್ಬರ್ ಬ್ಯಾಂಡ್ ಎಳೆಯೋ ವಿಡಿಯೋ ಹಾಕಿದ್ದಕ್ಕೆ ನೀವು, "ದಿನಾ ಲಾಲ್‌ಬಾಗಲ್ಲಿ ಒಂದು ಗಂಟೆ ನಡೀತೀನಿ, ಶುಗರ್ ಇಲ್ಲ, ಬಿಪಿ ಇಲ್ಲ, 68ಕ್ಕೆ ಈ ಚಡ್ಡಿ ಎಲಾಸ್ಟಿಕ್ ಎಳೆದು ಯಾವ ಕುಸ್ತಿಗೆ ಹೋಗ್ಬೇಕು" ಅಂತ ಬರೆದಿದ್ರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಅಮ್ಮನೂ ದಿನಾ ನಡೀತಿದ್ದೋರೇ.

ಹೋದ ವರ್ಷ ಗೌರಿ ಹಬ್ಬದ ಬೆಳಿಗ್ಗೆ ದೇವರ ಮುಂದೆ ರಂಗೋಲಿ ಹಾಕಿ ಏಳೋಕೆ ಹೋದ್ರು, ಆಗ್ಲಿಲ್ಲ. ಮಂಡಿನೋವು ಅಂತಲ್ಲ. ಎರಡು ಸಲ ಅರ್ಧ ಎದ್ದು ಹಾಗೇ ಕೂತ್ರು. ಆಮೇಲೆ ಅಂಬೆಗಾಲಲ್ಲಿ ಸೋಫಾವರೆಗೂ ಹೋಗಿ, ಅದನ್ನ ಹಿಡಿದು ಎದ್ರು. ಸೀರೆ ತುಂಬಾ ರಂಗೋಲಿ ಪುಡಿ. "ಯಾರಿಗೂ ಹೇಳ್ಬೇಡ" ಅಂದಿದ್ರು. ಈಗ ಹೇಳ್ಬಿಟ್ಟೆ, ಅವರೂ ಗ್ರೂಪಲ್ಲೇ ಇದಾರೆ, ಬೈಸ್ಕೋತೀನಿ.

ಫಿಸಿಯೋಥೆರಪಿಸ್ಟ್ ಬಂದು ಮಾಡಿಸಿದ ಮೊದಲ ಪರೀಕ್ಷೆ ಏನು ಗೊತ್ತಾ? ಕುರ್ಚಿ ಮೇಲೆ ಕೂತು, ಕೈ ಎದೆಗೆ ಕಟ್ಟಿ, ಐದು ಸಲ ಎದ್ದು ಕೂರೋದು. ಏಷ್ಯಾದ ತಜ್ಞರು 2019ರಲ್ಲಿ ಹಾಕಿದ ಲೆಕ್ಕ: 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದ್ರೆ ಸ್ನಾಯು ಸೊರಗ್ತಿರಬಹುದು, ಎಚ್ಚರ. ಅಮ್ಮನಿಗೆ 17 ಆಯ್ತು.

ಆ ಫಿಸಿಯೋಥೆರಪಿಸ್ಟ್ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ವಯಸ್ಸಾದ ಹಾಗೆ ಸ್ನಾಯು ಎಲ್ಲಾ ಒಂದೇ ಸಮ ಕರಗಲ್ಲ. ಥಟ್ಟಂತ ಕೆಲಸ ಮಾಡೋ ಎಳೆಗಳು ಹೆಚ್ಚಾಗಿ ಸಣ್ಣಗಾಗ್ತವೆ. ಸಮತಟ್ಟಲ್ಲಿ ಆರಾಮಾಗಿ ನಡೆಯೋದಕ್ಕೆ ಅವು ಅಷ್ಟಾಗಿ ಬೇಕಾಗಲ್ಲ. ನಮ್ಮ ಫುಟ್‌ಪಾತಿನ ಎದ್ದಿರೋ ಚಪ್ಪಡಿಗೆ ಎಡವಿದಾಗ ಇನ್ನೊಂದು ಕಾಲು ಮುಂದೆ ಬಂದು ಮೈ ಹಿಡ್ಕೋಬೇಕಲ್ಲ, ಆಗ ಬೇಕು. ನಿಮ್ಮ ವಾಕಿಂಗ್ ಎದೆಗೆ ಒಳ್ಳೇದು, ಬಿಡ್ಬೇಡಿ. ತೊಡೆಗೆ ಮಾತ್ರ ಅದು ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದೂ ಇದೇ: 65 ದಾಟಿದೋರು ನಡಿಗೆಯ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಶಕ್ತಿ ವ್ಯಾಯಾಮ ಮಾಡ್ಬೇಕು, 3 ದಿನ ಬ್ಯಾಲೆನ್ಸ್ ಅಭ್ಯಾಸನೂ ಇರ್ಬೇಕು.

"ಈ ವಯಸ್ಸಲ್ಲಿ ಎಲ್ಲಿ ಬರುತ್ತೆ" ಅಂತೀರಿ. 1990ರಲ್ಲಿ ಬಾಸ್ಟನ್‌ನಲ್ಲಿ, ಆರೈಕೆ ಕೇಂದ್ರದಲ್ಲಿದ್ದ ಸುಮಾರು 90 ವಯಸ್ಸಿನ ಹತ್ತು ಜನಕ್ಕೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದ್ರು. ಶಕ್ತಿ ಸರಾಸರಿ ಶೇ 174ರಷ್ಟು ಹೆಚ್ಚಾಯ್ತು. ನೀವಿನ್ನೂ 68ರ ಹುಡುಗ.

ಹಾಂ, ಒಂದ್ನಿಮಿಷ... ಎರಡನೇ ವಿಸಿಲ್.

ಜಿಮ್ ಗಿಮ್ ಬೇಡ. ಕುರ್ಚೀನ ಗೋಡೆಗೆ ಆನಿಸಿ ಇಟ್ಕೊಳ್ಳಿ. ನಿಧಾನ ಕೂರಿ, ಚುರುಕಾಗಿ ಏಳಿ, ಹತ್ತು ಸಲ. ಉಸಿರು ಮಾತ್ರ ಬಿಗಿ ಹಿಡೀಬೇಡಿ. ಸುಲಭ ಅನ್ನಿಸಿದ್ರೆ ಎರಡು ಕೆಜಿ ಅಕ್ಕಿ ಚೀಲ ಎದೆಗೆ ಅಪ್ಕೊಂಡು ಮಾಡಿ. ಸುಲಭವಾಗೇ ಉಳಿದ್ರೆ ಸ್ನಾಯು ಬೆಳೆಯಲ್ಲ, ಅಮ್ಮನ ಎಲಾಸ್ಟಿಕ್ ಕೂಡ ಅದಕ್ಕೇ. ಹಾಲು ಕಾಯೋವಾಗ ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸಿ. ಎದೆನೋವು, ತಲೆಸುತ್ತು ಬಂದ್ರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಇನ್ನು ರಾತ್ರಿ ನಿಮ್ಮದು ಬರೀ ತಿಳಿಸಾರು ಅನ್ನ ಅಂತ ಚಿಕ್ಕಮ್ಮ ಹೇಳ್ತಾರೆ. ವಯಸ್ಸಾದೋರಿಗೆ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಕಿಡ್ನಿ ತೊಂದರೆ ಇರೋರು ಕೇಳಿ ತಿನ್ಬೇಕು. 30 ಗ್ರಾಂ ತೊಗರಿಬೇಳೇಲಿ ಸಿಗೋದು 6-7 ಗ್ರಾಂ. ತಿಳಿಸಾರಲ್ಲಿ ಬೇಳೆ ಎಲ್ಲಿರುತ್ತೆ ಚಿಕ್ಕಪ್ಪ? ಕಾಳುಹುಳಿ ತಿನ್ನಿ, ಮೊಸರು ಜಾಸ್ತಿ ಹಾಕ್ಕೊಳ್ಳಿ.

ಅಮ್ಮ ಮೂರು ತಿಂಗಳಾದ್ಮೇಲೆ 11 ಸೆಕೆಂಡಿಗೆ ಬಂದ್ರು. ಈಗ ನೀವು ಊಟದ ಕುರ್ಚಿ ಎಳ್ಕೊಳ್ಳಿ, ಚಿಕ್ಕಮ್ಮ ಟೈಮ್ ನೋಡ್ಲಿ, ಎಷ್ಟು ಸೆಕೆಂಡ್ ಅಂತ ಇಲ್ಲೇ ಹಾಕಿ. ಸುಳ್ಳು ಹೇಳಂಗಿಲ್ಲ. ಅಯ್ಯೋ, ನಾಲ್ಕನೇ ವಿಸಿಲ್, ಬೇಳೆ ತಳ ಹಿಡೀತೇನೋ, ಇಡ್ತೀನಿ.